ಬಾಯಿ ಮುಚ್ಚಿದ ಹೊಲ

ನಮ್ಮ ಎರಿ ಹೊಲ ಬೇಸಿಗೆ ಬಂದರೆ ಬಾಯಿ ಬಿಡುತ್ತದೆ. ಮಾರ್ಚ್ ಮುಗಿಯುವ ಹೊತ್ತಿಗೆ ಕೈ ಹೋಗುವಷ್ಟು ಬಿರುಕು, ಏಪ್ರಿಲ್‌ನಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು. ಚಿಕ್ಕವರಿದ್ದಾಗ ಬಿರುಕಿನೊಳಗೆ ಜೋಳದ ದಂಟು ಇಳಿಬಿಟ್ಟು ಯಾರದು ಹೆಚ್ಚು ಆಳ ಎಂದು ಪಂದ್ಯ ಕಟ್ಟುತ್ತಿದ್ದೆವು. ಅರ್ಧ ದಂಟು ಸುಮ್ಮನೆ ಮುಳುಗಿ ಹೋಗುತ್ತಿತ್ತು.

2023ರ ಬೇಸಿಗೆಯಲ್ಲಿ ಡೋಣಿ ದಂಡೆಯ ನಮ್ಮ ಎರಡು ಎಕರೆ ಮಾತ್ರ ಬಾಯಿ ಬಿಡಲಿಲ್ಲ. ಮೇಲೆ ಹಪ್ಪಳದಂಥ ಪದರು, ಅದರ ಮೇಲೆ ಸುಣ್ಣ ಉದುರಿಸಿದಂತೆ ಬಿಳಿ. ಅಪ್ಪ ಒಡ್ಡಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. "ಹೊಲ ಬಾಯಿ ಮುಚ್ಚೇತಿ ನೋಡು ತಮ್ಮಾ" ಅಂದರು. ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಯಾಕೆಂದರೆ ಆ ಹೊಲಕ್ಕೆ ನೀರು ಬಿಡಿಸಿದವನು ನಾನೇ.

ನಮ್ಮೂರು ವಿಜಯಪುರ ಜಿಲ್ಲೆಯಲ್ಲಿ, ತಾಳಿಕೋಟೆ ಕಡೆ. ಡೋಣಿ ಅಂದರೆ ಗೊತ್ತಲ್ಲ, ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ ನಮ್ಮ ಜಿಲ್ಲೆಯನ್ನು ಹಾದು ಕೃಷ್ಣೆಗೆ ಸೇರುವ ನದಿ. ಡೋಣಿ ಬಂದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುವುದು ಇದರ ಮಣ್ಣನ್ನು ನೋಡಿಯೇ. ನೀರು ಮಾತ್ರ ಉಪ್ಪು. ಈಗ ಹೊಳೆಯ ತುಂಬ ಹೂಳು, ಹೂಳಿನ ತುಂಬ ಬಳ್ಳಾರಿ ಜಾಲಿ.

ನಮ್ಮ ಕಡೆ ನೆಲಕ್ಕೆ ಎರಡೇ ಹೆಸರು. ದಿನ್ನೆಯ ಮೇಲಿನದು ಮಡ್ಡಿ: ಒಂದು ಗೇಣು ಮಣ್ಣು, ಕೆಳಗೆ ಗರಸು, ದನ ಕುರಿ ಮೇಯಲಿಕ್ಕೆ ಸರಿ. ತಗ್ಗಿನದು ಎರಿ. ಎರಡೂ ಒಂದೇ ತಾಯಿಯ ಮಕ್ಕಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಸೀಳಿ ಉಕ್ಕಿದ ಲಾವಾ ಪದರ ಪದರವಾಗಿ ಆರಿ ಕರಿಗಲ್ಲಾಯಿತು. ಮಹಾರಾಷ್ಟ್ರದ ಬಹುಭಾಗ ಮತ್ತು ನಮ್ಮ ಉತ್ತರದ ಜಿಲ್ಲೆಗಳು ಆ ಕಲ್ಲಿನ ಮೇಲೆ ಕೂತಿವೆ. ಕಲ್ಲು ಸವೆದು ಹುಡಿಯಾಯಿತು, ಮಳೆ ಹುಡಿಯನ್ನು ಮಡ್ಡಿಯಿಂದ ತೊಳೆದು ತಗ್ಗಿಗೆ ತಂದು ಹಾಕಿತು. ಮಡ್ಡಿ ಬಡವಾಯಿತು, ಎರಿ ಆಳುದ್ದ ಬೆಳೆಯಿತು.

ಮಣ್ಣು ಕಪ್ಪಗಿದೆ ಅಂದರೆ ಗೊಬ್ಬರ ತುಂಬಿದೆ ಎಂದು ನಾನು ಕಾಲೇಜಿನಲ್ಲಿದ್ದಾಗಲೂ ನಂಬಿದ್ದೆ. ತಪ್ಪು. ನಮ್ಮ ಎರಿಯಲ್ಲಿ ಸಾವಯವ ಇಂಗಾಲ ಎಷ್ಟೋ ಕಡೆ ಅರ್ಧ ಪರ್ಸೆಂಟ್ ಕೂಡ ಇರುವುದಿಲ್ಲ, ಸಾರಜನಕವೂ ಕಡಿಮೆ. ಇದರ ಬಲ ಇರುವುದು ಜಿಗುಟಿನಲ್ಲಿ. ಕರಿಗಲ್ಲಿನಿಂದ ಹುಟ್ಟಿದ ಈ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ನಮ್ಮೂರಲ್ಲಿ ಮನೆ ಕಟ್ಟುವಾಗ ಗರಸು ಹತ್ತುವ ತನಕ ಬುನಾದಿ ಅಗೆಯುವುದು ಇದಕ್ಕೇ. ಖರ್ಚು ಉಳಿಸಲು ಎರಿಯ ಮೇಲೆಯೇ ಕಟ್ಟಿದವರ ಗೋಡೆಯಲ್ಲೂ ಹೊಲದಲ್ಲಿದ್ದಂಥದ್ದೇ ಬಿರುಕು.

ಕುಗ್ಗಿದಾಗ ಆಗುವ ಬಿರುಕನ್ನು ಹೊರಗಿನವರು ನೋಡಿದರೆ ಬರಗಾಲ ಅನ್ನುತ್ತಾರೆ. ನಾನೂ ಕಲಿಯುವಾಗ ಅಂಥ ಫೋಟೊ ಒಂದಕ್ಕೆ "ಬಾಯಾರಿದ ನೆಲ" ಅಂತ ಬರೆದಿದ್ದೆ. ಆದರೆ ಬಿರುಕು ನಮ್ಮ ಹೊಲದ ಉಸಿರಾಟ. ಮೊದಲ ಮಳೆಯ ನೀರು ಹರಿದು ಹೋಗದೆ ಅದರೊಳಗಿಂದ ನೇರವಾಗಿ ಆಳಕ್ಕೆ ಇಳಿಯುತ್ತದೆ. ಮೇಲಿನ ಪುಡಿಮಣ್ಣು, ಕುರಿ ಹಿಕ್ಕಿ, ಕಣಕಿಯ ಚೂರು ಎಲ್ಲ ಒಳಗೆ ಬೀಳುತ್ತದೆ. ಮಳೆಗೆ ಮಣ್ಣು ಉಬ್ಬಿದಾಗ ಕೆಳಗಿನದು ಮೇಲಕ್ಕೆ ನೂಕಿಸಿಕೊಳ್ಳುತ್ತದೆ. ವರ್ಷ ವರ್ಷ ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣು ಇದು. ವಿಜ್ಞಾನಿಗಳು ಇಡುವ ವರ್ಟಿಸೋಲ್ ಎಂಬ ಹೆಸರಿಗೂ ಮಗುಚು ಎಂಬುದೇ ಮೂಲ.

ಒಂದು ಮೊಂಡುತನವೂ ಇದೆ. ಸಣ್ಣ ಮಳೆಯಾದರೆ ಎರಿ ಅದನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಅದೇ ಮಳೆಗೆ ಮಡ್ಡಿಯ ಹುಲ್ಲು ಹಸಿರಾದರೂ ತಗ್ಗಿನ ಹುಲ್ಲು ಬಾಡಿಯೇ ಇರುತ್ತದೆ. ಕುರಿಗಾರರಿಗೆ ಇದು ಬಾಯಿಪಾಠ. ಮುಂಗಾರಿನ ಹನಿ ಬಿದ್ದ ಕೂಡಲೇ ಹಿಂಡು ದಿನ್ನೆ ಏರುತ್ತದೆ, ಹಿಂಗಾರಿ ರಾಶಿ ಮುಗಿದ ಮೇಲೆ ತಗ್ಗಿಗೆ ಇಳಿಯುತ್ತದೆ.

ಡೋಣಿ ದಂಡೆಯ ಆ ಎರಡು ಎಕರೆ ಅಜ್ಜನ ಕಾಲದಿಂದಲೂ ಹುಲ್ಲಿನ ಬೀಳು. ಬೇಸಿಗೆಯಲ್ಲಿ ಒಬ್ಬ ಕುರಿಗಾರ ಕಾಕಾ ಹಿಂಡು ತಂದು ಅಲ್ಲಿ ಮೇಯಿಸಿ, ರಾತ್ರಿ ನಮ್ಮ ಜೋಳದ ಹೊಲದಲ್ಲಿ ಕುರಿ ತರುಬುತ್ತಿದ್ದರು. ಅವರಿಗೆ ಮೇವು ಮತ್ತು ಒಂದಿಷ್ಟು ಜೋಳ, ನಮಗೆ ಗೊಬ್ಬರ. ಅಪ್ಪ ಆ ತುಂಡನ್ನು ಉಳುವ ಮಾತೇ ಆಡಿರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ. ಊರೂರು ತಿರುಗಿ ಪ್ರಶ್ನೆ ಕೇಳುವುದನ್ನು ಕಲಿತು ಬಂದವನು ಮನೆಯಲ್ಲಿ ಆ ಒಂದು ಪ್ರಶ್ನೆ ಕೇಳಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಕೆಲಸ ಬಿಟ್ಟು ಊರಿಗೆ ಬಂದೆ. ಕೈಯಲ್ಲಿ ಫೋನು, ಫೋನಿನ ತುಂಬ ಲಕ್ಷ ಲಕ್ಷ ಗಳಿಸಿದ ರೈತರ ವಿಡಿಯೋ. ಬೋರ್ ಹಾಕಿಸೋಣ ಅಂದೆ. ಅಪ್ಪ "ಅಲ್ಲಿ ನೀರು ಸಪ್ಪಗಿಲ್ಲೋ" ಅಂದರು. ನಾನು ಗುಟುಕು ಕುಡಿದು ನೋಡಿ, ಅಷ್ಟೇನೂ ಉಪ್ಪಿಲ್ಲ ಅಂದೆ. ಉಳ್ಳಾಗಡ್ಡಿ ಹಾಕಿದೆವು, ಮೊದಲ ವರ್ಷ ಬೆಳೆ ಬಂತು. ನಾನು ಗೆದ್ದೆ ಅಂದುಕೊಂಡೆ. ಎರಡನೇ ವರ್ಷ ಗೋದಿ, ಅಲ್ಲಲ್ಲಿ ಬೋಳು. ಮೂರನೇ ವರ್ಷ ಬೀಜ ಮೊಳೆಯಲೇ ಇಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಸುಲಭ, ನೀವೂ ಹಾಕಬಹುದು. ಒಂದು ಎಕರೆಗೆ ಎರಡು ಇಂಚು ನೀರು ನಿಲ್ಲಿಸಿದರೆ ಸುಮಾರು ಎರಡು ಲಕ್ಷ ಲೀಟರ್. ಲೀಟರಿಗೆ ಒಂದೇ ಗ್ರಾಂ ಉಪ್ಪಿದ್ದರೂ, ನಾಲಿಗೆಗೆ ಅದು ಅಂಥಾ ಉಪ್ಪೆನಿಸುವುದಿಲ್ಲ, ಒಂದು ಸಲದ ನೀರಿಗೆ 200 ಕಿಲೋ. ಅಂದರೆ 50 ಕಿಲೋದ ನಾಲ್ಕು ಚೀಲ ಉಪ್ಪು ಹೊತ್ತು ತಂದು ಹೊಲಕ್ಕೆ ಎರಚಿದ ಹಾಗೆ. ಒಂದು ಬೆಳೆಗೆ ಎಂಟು ಸಲ ನೀರು ಬಿಟ್ಟಿದ್ದೆ. ಸೂರ್ಯ ನೀರನ್ನಷ್ಟೇ ಎತ್ತಿಕೊಂಡು ಹೋಗುತ್ತಾನೆ, ಉಪ್ಪನ್ನು ಇಲ್ಲೇ ಬಿಡುತ್ತಾನೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ನಮ್ಮ ಮಳೆ ಅದನ್ನು ತೊಳೆಯಲಾರದು. ಜಿಗುಟು ಮಣ್ಣಿನಲ್ಲಿ ನೀರು ಕೆಳಗೂ ಸರಿಯಾಗಿ ಬಸಿಯುವುದಿಲ್ಲ.

ಉಪ್ಪಿಗಿಂತ ಕೆಟ್ಟದ್ದು ಸೋಡಿಯಂ. ಎರಿಯ ಕಣಗಳನ್ನು ಹರಳು ಹರಳಾಗಿ ಕೂಡಿಸಿ ಇಡುವುದು ಸುಣ್ಣದ ಅಂಶ. ಆ ಜಾಗದಲ್ಲಿ ಸೋಡಿಯಂ ಕೂತರೆ ಕಣಗಳು ಒಂದನ್ನೊಂದು ಬಿಟ್ಟು ರಾಡಿಯಾಗುತ್ತವೆ, ರಾಡಿ ಆರಿ ಪದರು ಕಟ್ಟುತ್ತದೆ. ಮಳೆ ಬಂದರೆ ನೀರು ಮೇಲೆಯೇ ನಿಲ್ಲುತ್ತದೆ. ನಮ್ಮ ಮಣ್ಣು ಪರೀಕ್ಷೆಗೆ ಕೊಟ್ಟಾಗ ಪಿಎಚ್ 8.9 ಬಂತು.

ಪರೀಕ್ಷೆಗೆ ಕೊಡುವ ಮುಂಚೆ ಮನೆಯಲ್ಲೇ ಒಂದು ನೋಡುವುದಿದೆ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಫಿಲ್ಟರ್ ನೀರು ಹಾಕಿ, ಅದರಲ್ಲಿ ಕಡಲೆಕಾಳಿನಷ್ಟು ಒಣ ಹೆಂಟೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಹೆಂಟೆ ಕುಸಿದು ಚೂರಾಗಿ ನೀರು ತಿಳಿಯಾಗೇ ಇದ್ದರೆ ಚಿಂತೆಯಿಲ್ಲ. ಎರಡು ತಾಸಿನಲ್ಲಿ ಸುತ್ತ ಹಾಲು ಬೆರೆಸಿದಂತೆ ಕದಡಿದರೆ ಸೋಡಿಯಂ ಸೇರಿದೆ. ಉಪ್ಪು ವಿಪರೀತ ಇದ್ದ ಮಣ್ಣು ಹೀಗೆ ಕದಡದೆ ಮೋಸ ಮಾಡುವುದೂ ಉಂಟು, ಆದ್ದರಿಂದ ಲೋಟ ನೋಡಿದ ಮೇಲೆ ಮಣ್ಣನ್ನೂ ಬೋರಿನ ನೀರನ್ನೂ ಎರಡನ್ನೂ ಪರೀಕ್ಷೆ ಮಾಡಿಸಿ. ನಾನು ನೀರಿನ ಪರೀಕ್ಷೆ ಮಾಡಿಸಿದ್ದು ಮೂರು ವರ್ಷ ತಡವಾಗಿ.

ಆ ಬೇಸಿಗೆ ಕಾಕಾ ಬಂದಾಗ ಮೇಯಲು ಬೀಳು ಇರಲಿಲ್ಲ. ನಾಲ್ಕು ಕುರಿ ಬಿಳಿ ಪದರನ್ನು ನೆಕ್ಕಿದವು. ಅವರು ಬಗ್ಗಿ ಒಂದು ಚೂರು ಮುರಿದು ನಾಲಿಗೆಗೆ ಹಚ್ಚಿಕೊಂಡು ಉಗುಳಿದರು. "ನಿಮ್ಮಜ್ಜ ಇದನ್ನ ಸುಮ್ನ ಬಿಟ್ಟಿದ್ದಿಲ್ಲ ತಮ್ಮಾ. ತೆಳಗ ಸವಳು ಐತಿ, ನೀರ ಬಿಟ್ರ ಏಳತೈತಿ ಅಂತಿದ್ದ." ಹಿಂಡು ಹೊಡೆದುಕೊಂಡು ಮುಂದಿನ ಊರಿಗೆ ಹೋದರು. ಆ ವರ್ಷ ಜೋಳದ ಹೊಲಕ್ಕೆ ಗೊಬ್ಬರವನ್ನು ದುಡ್ಡು ಕೊಟ್ಟು ಹೊಡೆಸಿದೆವು.

ಈಗ ಮಾಡುತ್ತಿರುವುದು ಇಷ್ಟು. ಬೋರಿನ ನೀರು ಪೂರ್ತಿ ನಿಲ್ಲಿಸಿದೆವು. ಹಳ್ಳದ ಕಡೆಗೆ ಕಾಲುವೆ ತೋಡಿ ಬಸಿಯುವ ದಾರಿ ಮಾಡಿದೆವು. ಪರೀಕ್ಷೆಯ ಲೆಕ್ಕದಂತೆ ಜಿಪ್ಸಮ್ ಹಾಕಿದೆವು, ಅದರ ಸುಣ್ಣದ ಅಂಶ ಸೋಡಿಯಂ ಅನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತದೆ. ಎಬ್ಬಿಸಿದ್ದನ್ನು ಮಳೆನೀರು ಹೊರಗೆ ಒಯ್ಯಬೇಕು. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಮ್ ಹಾಕಿದರೆ ದುಡ್ಡು ದಂಡ. ಮುಂಗಾರಿನಲ್ಲಿ ಡಯಂಚಾ ಬಿತ್ತಿ ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿದೆವು.

ಆಲಮಟ್ಟಿಯ ಏತ ನೀರಾವರಿ ನಮ್ಮ ಜಿಲ್ಲೆಯ ಹೊಲಗಳಿಗೆ ಬರುತ್ತಿದೆ. ಕೃಷ್ಣೆಯ ನೀರು ನಮ್ಮ ಬೋರಿನ ನೀರಿನಷ್ಟು ಕೆಟ್ಟದ್ದಲ್ಲ. ಆದರೆ ಬಸಿಯುವ ದಾರಿ ಇಲ್ಲದ ಎರಿಗೆ ಒಳ್ಳೆಯ ನೀರು ಹೆಚ್ಚಾದರೂ ಕೆಳಗಿನ ಸವಳು ಮೇಲೇಳುತ್ತದೆ. ಊರಿನ ಕಟ್ಟೆಯ ಮೇಲೆ ಎಲ್ಲರೂ ಕಾಲುವೆ ಯಾವಾಗ ಎಂದು ಕೇಳುತ್ತಾರೆ. ಬಸಿಗಾಲುವೆಯ ಮಾತು ನಾನು ಎತ್ತಿದರೆ, "ನಿನ್ನ ಎರಡು ಎಕರೆ ಹೆಂಗೈತಿ?" ಅಂತ ನಗುತ್ತಾರೆ. ಕೇಳಲಿ, ಹೇಳುತ್ತೇನೆ.

ಈ ಏಪ್ರಿಲ್‌ನಲ್ಲಿ ಮೂಡಣ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಕರಕಿ ಹಬ್ಬಿತ್ತು. ಬೇರೆ ಹೊಲದಲ್ಲಾದರೆ ಕರಕಿ ಕಂಡರೆ ಅಪ್ಪ ಬುಡ ಸಮೇತ ಕಿತ್ತು ಒಡ್ಡಿಗೆ ಎಸೆಯುತ್ತಾರೆ. ಅಲ್ಲಿ ಮಾತ್ರ ಅದನ್ನು ತುಳಿಯದ ಹಾಗೆ ಸುತ್ತು ಹಾಕಿ ನಡೆದರು. ಕಾಕಾಗೆ ಫೋನ್ ಮಾಡಿದೆ. "ಬರೂ ವರ್ಷ ನೋಡೂಣು ತಮ್ಮಾ, ಮಳಿ ಹೆಂಗಾಕ್ಕತಿ" ಅಂದರು.