ತೊಟ್ಟಿಯ ಮನೆಗೊಂದು ಲೆನ್ಸು

ಊರಿನ ತೊಟ್ಟಿಯ ಮನೆಯನ್ನು ಮಾರುವುದೆಂದು ನಿಶ್ಚಯವಾದ ದಿನವೇ ನನಗೊಂದು ಹಟ ಹುಟ್ಟಿತು: ನಾಲ್ಕು ಕಂಬಗಳು, ತುಳಸಿಕಟ್ಟೆ, ಅಮ್ಮ, ಎಲ್ಲವೂ ಒಂದೇ ಚಿತ್ರದಲ್ಲಿ ಬರಬೇಕು. ಹಿಂದೆ ಸರಿಯೋಣವೆಂದರೆ ಗೋಡೆ ಬಿಡದು. ನನ್ನ ಮೈಕ್ರೊ ಫೋರ್ ಥರ್ಡ್ಸ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಅತಿವಿಶಾಲ ನೋಟದ ಲೆನ್ಸೇ ಬೇಕಾಯಿತು.

ಒಲಿಂಪಸ್ಸಿನ 7-14 ಮಿ.ಮೀ. ಲೆನ್ಸು 534 ಗ್ರಾಂ. ಬೆಲೆಯಂತೂ ಮೇಷ್ಟರ ಸಂಬಳವನ್ನು ಅಣಕಿಸುವಂಥದು. ಕಡೆಗೆ ಆರಿಸಿದ್ದು ಲಾವೋವಾ 7.5 ಮಿ.ಮೀ.: 170 ಗ್ರಾಂ ತೂಕ, 110 ಡಿಗ್ರಿ ನೋಟ. ಡ್ರೋನಿನವರಿಗಾಗಿ ಇದಕ್ಕೆ 150 ಗ್ರಾಮಿನ ತಮ್ಮನೊಬ್ಬನಿದ್ದಾನೆ. ಹಾರುವ ಕ್ಯಾಮೆರಾಕ್ಕೆ ಮೂತಿ ಭಾರವಾದರೆ ಸಮತೋಲ ಕೆಡುತ್ತದೆ. ನನಗೆ ಹಾರುವ ಹಂಬಲವಿಲ್ಲವಾದ್ದರಿಂದ ಅಣ್ಣನೇ ಸಾಕಾದ.

“ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕೆ? ಇದಕ್ಕಿಷ್ಟು ಹಣವೆ?” ಎಂದಳು ಮನೆಯಾಕೆ. ಎಫ್ 5.6ರಲ್ಲಿ ಉಂಗುರವನ್ನು 1 ಮೀಟರಿಗೆ ನಿಲ್ಲಿಸಿಬಿಟ್ಟರೆ ಅರ್ಧ ಮೀಟರಿನಿಂದಾಚೆಗೆ ಎಲ್ಲವೂ ಸ್ಪಷ್ಟವೇ. ಮತ್ತೆ ಮುಟ್ಟುವ ಕೆಲಸವಿಲ್ಲವೆಂದು ಸಮಾಧಾನ ಹೇಳಿದೆ.

ತೊಡಕು ಬಂದದ್ದು ಬೇರೆಡೆಯಿಂದ. ಅಂಚಿನಲ್ಲಿರುವುದನ್ನೆಲ್ಲ ಎಳೆದು ಹಿಗ್ಗಿಸುವುದು ಇಂಥ ಲೆನ್ಸಿನ ಜಾಯಮಾನ. ಅಂಚಿನ ಕಂಬಕ್ಕೆ ಒರಗಿ ಕುಳಿತಿದ್ದ ಅಮ್ಮನ ಮುಖ ಕುಂಬಳಕಾಯಿಯಂತಾಯಿತು.

“ಅಮ್ಮಾ, ನಡುವೆ ಬಂದು ಕೂತುಕೋ.”

“ಅಲ್ಲಿ ಬಿಸಿಲು ಕಣೋ. ನಲವತ್ತು ವರ್ಷ ನನ್ನ ಬೆನ್ನಿಗೆ ಈ ಕಂಬವೇ ಆಸರೆ.”

ಕ್ಯಾಮೆರಾವನ್ನೇ ಅವಳತ್ತ ತಿರುಗಿಸಿದೆ. ಆಚೆಯ ಕಂಬವೊಂದು ಚಿತ್ರದಿಂದ ತಪ್ಪಿಹೋಯಿತು.