ಹರಿದ ನೋಟಿನ ಗಿರಾಕಿ

ಹಳೇ ನೋಟು ಕೂಡಿಡುವವರಲ್ಲಿ ಎರಡು ಪಂಗಡ. ಮಡಿಕೆ ಕಾಣದ ಗರಿಗರಿ ನೋಟಿಗೆ ಲಕ್ಷ ಸುರಿಯುವವರು ಒಂದು, ಹರಿದು ಅಂಟಿಸಿ ನೂರಾರು ಕೈಯ ಬೆವರು ಕುಡಿದದ್ದನ್ನೇ ಹುಡುಕುವವರು ಇನ್ನೊಂದು. ಹುಲಗೂರಿನ ಈ ಲೇಖಕ ಎರಡನೆಯ ಪಂಗಡದವನು. ಅದಕ್ಕೆ ಕಾರಣ ರಸಿಕತೆಯಲ್ಲ, ಪಗಾರ.

ಶಿಗ್ಗಾಂವಿ ತಾಲೂಕಿನ ಈ ಊರನ್ನು ಸುತ್ತಲಿನವರು ಹಜರೇಶಾ ಖಾದ್ರಿಯವರ ದರ್ಗಾದಿಂದ ಬಲ್ಲರು. ಲೇಖಕನ ಅಜ್ಜ ಅಡತಿ ಅಂಗಡಿಯಲ್ಲಿ ಕೀರ್ದಿ ಬರೆಯುತ್ತಿದ್ದರು. ದಿನವಿಡೀ ಕಾಗದದ ಮೇಲೆ ಲೆಕ್ಕ ಬರೆದರೂ ಕಾಗದದ ರೂಪಾಯಿಯನ್ನು ಮಾತ್ರ ಅವರು ನಂಬಲಿಲ್ಲ. "ಬೆಳ್ಳಿ ರೂಪಾಯಿ ಕಲ್ಲಿಗೆ ಬಡದ್ರ ನಾದ ಕೇಳಸ್ತದ. ಇದನ್ನ ಬಡದ್ರ ಏನ್ ಕೇಳಸ್ತದೋ ತಮ್ಮಾ?" ಎನ್ನುತ್ತಿದ್ದರು.

ಸರಕಾರಕ್ಕೂ ಆ ಅನುಮಾನ ಗೊತ್ತಿತ್ತೆಂದು ಕಾಣುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ತುಟ್ಟಿಯಾಗಿ, 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಹೊರಟಿತು. ಐದನೇ ಜಾರ್ಜನ ಮುಖವಿದ್ದ ಬೆಳ್ಳಿ ನಾಣ್ಯದ ಚಿತ್ರವನ್ನೇ ಅದರ ಮೇಲೆ ಅಚ್ಚು ಹಾಕಿದ್ದರು. ಎಂಟು ಭಾಷೆಗಳಲ್ಲಿ ಬೆಲೆ ಬರೆದಿತ್ತು, ಅದರಲ್ಲಿ ಕನ್ನಡವೂ ಒಂದು. ಮರುವರ್ಷ ಎರಡೂವರೆ ರೂಪಾಯಿಯ ನೋಟೂ ಬಂತು. ಖರ್ಚು ಹೆಚ್ಚೆಂದು 1926ರಲ್ಲಿ ಎರಡನ್ನೂ ನಿಲ್ಲಿಸಿದರು. ಒಂದರ ನೋಟು 1940ರಲ್ಲಿ ಮರಳಿ ಬಂತು, ಎರಡೂವರೆಯದು ಬರಲಿಲ್ಲ. ಇಂದು ಅದಕ್ಕೆ ಗಿರಾಕಿಗಳು ಮುಗಿಬೀಳುತ್ತಾರೆ.

ಲೇಖಕನಿಗೆ ಎಲ್ಲಕ್ಕಿಂತ ಪ್ರೀತಿ ಅರ್ಧ ನೋಟಿನ ಮೇಲೆ. ಹತ್ತೊಂಬತ್ತನೇ ಶತಮಾನದ ದೊಡ್ಡ ನೋಟುಗಳಿಗೆ ಒಂದೇ ಮಗ್ಗುಲಿಗೆ ಅಚ್ಚು, ಎರಡೂ ಬದಿಗೆ ಅದೇ ನಂಬರು. ಊರಿಂದೂರಿಗೆ ಹಣ ಕಳಿಸುವ ವ್ಯಾಪಾರಿ ನೋಟನ್ನು ನಡುವೆ ಕತ್ತರಿಸಿ ಒಂದು ತುಂಡನ್ನು ಟಪಾಲಿಗೆ ಹಾಕುತ್ತಿದ್ದ. ಮುಟ್ಟಿದೆಯೆಂದು ಪತ್ರ ಬಂದ ಮೇಲೆಯೇ ಇನ್ನೊಂದು ತುಂಡು ಹೊರಡುತ್ತಿತ್ತು. ದಾರಿಯಲ್ಲಿ ಕದ್ದವನಿಗೆ ಅರ್ಧ ಕಾಗದವಷ್ಟೇ ದಕ್ಕುತ್ತಿತ್ತು. ಹೀಗೆ ಕೂಡಿಸಿ ಅಂಟಿಸಿದ ನೋಟು ಹರಾಜಿನಲ್ಲಿ ಅಗ್ಗ. ಅದರಷ್ಟು ಕತೆ ಗರಿಗರಿ ನೋಟಿಗೆ ಎಲ್ಲಿಂದ ಬರಬೇಕು!

ಕಾಗದದ ಹಣಕ್ಕೆ ಅಮೆರಿಕದವರು ಇನ್ನೂ ಹೆಚ್ಚು ಪಾಡುಪಟ್ಟಿದ್ದಾರೆ. ಕ್ವಿಬೆಕ್ ದಂಡಯಾತ್ರೆಯಲ್ಲಿ ಸೋತು ಬಂದ ಸೈನಿಕರಿಗೆ ಕೊಡಲು ಕಾಸಿಲ್ಲದೆ ಮ್ಯಾಸಚೂಸೆಟ್ಸ್ 1690ರಲ್ಲಿ ನೋಟು ಹೊರಡಿಸಿತು. ಮುಂದೆ ಬೆಂಜಮಿನ್ ಫ್ರಾಂಕ್ಲಿನ್ ನಕಲಿಯನ್ನು ತಡೆಯಲು ನಿಜವಾದ ಎಲೆಯ ನರನರವನ್ನೂ ಅಚ್ಚಿಗೆ ಇಳಿಸಿದ. ಅವನ ಆ ಗುಟ್ಟನ್ನು ಬಿಡಿಸಿದ್ದು ನೋಟು ಸಂಗ್ರಾಹಕ ಎರಿಕ್ ನ್ಯೂಮನ್, ಅದೂ 1960ರ ದಶಕದಲ್ಲಿ. (ಸವಣೂರಿನ ವೀಳ್ಯದೆಲೆ ಫ್ರಾಂಕ್ಲಿನ್‌ಗೆ ಸಿಕ್ಕಿದ್ದರೆ ಸುಣ್ಣ ಹಚ್ಚಿ ಮೆಲ್ಲುತ್ತಿದ್ದನೇ ಹೊರತು ಅಚ್ಚಿಗೆ ಕೊಡುತ್ತಿರಲಿಲ್ಲ.) ಆದರೆ ಕ್ರಾಂತಿಯ ಕಾಲಕ್ಕೆ ಅಲ್ಲಿನ ಕಾಂಗ್ರೆಸ್ಸು 1775ರಿಂದ ನೋಟು ಅಚ್ಚು ಹಾಕುತ್ತಲೇ ಹೋಯಿತು, ಬ್ರಿಟಿಷರು ನ್ಯೂಯಾರ್ಕಿನಿಂದ ಖೋಟಾ ನೋಟು ಬಿಟ್ಟರು. 1781ರ ಹೊತ್ತಿಗೆ ಆ ನೋಟನ್ನು ಕೇಳುವವರಿರಲಿಲ್ಲ.

ಅಷ್ಟು ದೂರದ್ದು ಹುಲಗೂರಿನವನ ಕೈಗೆ ಎಟುಕುವುದಿಲ್ಲ. ಕೊಪ್ಪಳದ ಕಡೆಯ ಹಾಲಿ ಸಿಕ್ಕಾ ನೋಟು ಎಟುಕುತ್ತದೆ. ಹೈದರಾಬಾದ್ ಸಂಸ್ಥಾನ 1918ರಿಂದ ಹೊರಡಿಸಿದ ಅದರಲ್ಲಿ ಉರ್ದುವಿನ ಜೊತೆ ಕನ್ನಡವೂ ಇದೆ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಏಳು ಹಾಲಿ ರೂಪಾಯಿಗೆ ಭಾರತದ ಆರು ರೂಪಾಯಿ ದರ ನಡೆಯಿತು.

ಇಂಥವನ್ನೆಲ್ಲ ಕಣ್ತುಂಬ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ರೆಜ್ವಾನ್ ರಜಾಕ್ ಅವರು 2020ರಲ್ಲಿ ತೆರೆದ ಭಾರತೀಯ ನೋಟುಗಳ ವಸ್ತುಸಂಗ್ರಹಾಲಯವಿದೆ. ಅವರಿಗೆ ಈ ಗೀಳು ಹಿಡಿದದ್ದು ಅಜ್ಜನ ಬಳಿಯಿದ್ದ, ಪಾಕಿಸ್ತಾನ ಸರಕಾರದ ಹೆಸರನ್ನು ಮೇಲೆ ಒತ್ತಿದ ಭಾರತದ ನೋಟುಗಳಿಂದ. ವಿಭಜನೆಯಾದ ಹೊಸತರಲ್ಲಿ ಅವನ್ನು ಅಚ್ಚು ಹಾಕುತ್ತಿದ್ದುದು ನಾಸಿಕದಲ್ಲೇ.

ನಿಮ್ಮ ಮನೆಯ ಹಳೇ ಕೀರ್ದಿಯಲ್ಲೋ ಟ್ರಂಕಿನ ತಳದಲ್ಲೋ ಇಂಥದೊಂದು ಸಿಕ್ಕರೆ ದಯವಿಟ್ಟು ಇಸ್ತ್ರಿ ಹಾಕಬೇಡಿ, ಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಯಾರದು, ಎಲ್ಲಿ ಸಿಕ್ಕಿತು ಎಂದು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.