ಗಡಗಡಿ ಗೊತ್ತಿದ್ದವರಿಗೆ ಹಾಯಿ ಹೊಸದಲ್ಲ

ಹುಮನಾಬಾದಿನಲ್ಲಿ ಸಮುದ್ರ ಇಲ್ಲ. ಸಮುದ್ರಕ್ಕೆ ಹೋಗುವ ದಾರಿ ಮಾತ್ರ ಇದೆ. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಪೂರ್ವಕ್ಕೆ ಹೋದರೆ ಹೈದರಾಬಾದ್. ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣದ ಕ್ರಾಸ್, ಸೊಲ್ಲಾಪುರ, ಪುಣೆ, ಅಲ್ಲಿಂದ ಮುಂಬೈ. ಕೆಲಸಕ್ಕೆಂದು ಹೋದ ನಮ್ಮ ಕಡೆಯವರೆಲ್ಲ ಗೇಟ್‌ವೇ ಮುಂದೆ ಒಂದು ಫೋಟೊ ತೆಗೆಸಿಕೊಂಡೇ ಇರುತ್ತಾರೆ. ಆ ಫೋಟೊಗಳ ಹಿಂದೆ ಸಣ್ಣ ಹಾಯಿದೋಣಿಗಳು ಕಂಡರೆ ಅವುಗಳ ಮೂತಿ ನೋಡ್ರಿ: ಸುತ್ತಿಟ್ಟ ಚಾಪೆಯಂತೆ ಮುಂದಿನ ಹಾಯಿ ಒಂದು ತಂತಿಗೆ ಸುತ್ತಿಕೊಂಡಿರುತ್ತದೆ. ಅದನ್ನು ಸುತ್ತುವ ಸಾಧನವೇ ಫರ್ಲರ್.

ಇದು ಬರೀ ಸೋಮಾರಿಗಳ ಸೌಕರ್ಯ ಅಲ್ಲ. ಫರ್ಲರ್ ಇಲ್ಲದಿದ್ದರೆ, ಗಾಳಿ ಜೋರಾದಾಗ ಒಬ್ಬರು ಕುಣಿಯುವ ದೋಣಿಯ ತುದಿವರೆಗೆ ತೆವಳಿಕೊಂಡು ಹೋಗಿ ಹಾಯಿ ಇಳಿಸಬೇಕು. ನಾವು ಬಾವಿಯಲ್ಲಿ ಈಜು ಕಲಿತವರು. ನಮಗೆ ದಡ ಅಂದರೆ ಕೈಚಾಚಿದರೆ ಸಿಗುವ ಕಲ್ಲು. ಸಮುದ್ರದಲ್ಲಿ ಬಿದ್ದವನಿಗೆ ದೋಣಿಯೇ ದಡ, ಅದೂ ದೂರ ಸರಿಯುತ್ತಿರುತ್ತದೆ. ಫರ್ಲರ್ ಇದ್ದರೆ ಹಿಂದೆ ಕೂತಲ್ಲಿಂದಲೇ ಹಗ್ಗ ಎಳೆದರೆ ಸಾಕು, ಹಾಯಿ ಸುತ್ತಿಕೊಳ್ಳುತ್ತದೆ. ಆದರೆ ಅದು ಅರ್ಧಕ್ಕೆ ಸಿಕ್ಕಿಕೊಂಡರೆ ಇಲ್ಲದ್ದಕ್ಕಿಂತ ಕೆಟ್ಟದ್ದು: ಅತ್ತ ಇಳಿಸಲೂ ಆಗದು, ಇತ್ತ ಸುತ್ತಲೂ ಆಗದು.

ಮುಂಬೈನಲ್ಲಿ ಸಣ್ಣ ದೋಣಿಗಳು ಮಳೆಗಾಲದಲ್ಲಿ ದಡ ಸೇರುತ್ತವೆ. ದಸರಾ ಹೊತ್ತಿಗೆ ಮತ್ತೆ ನೀರಿಗೆ. ಜೋಡಣೆಗೆ ಅದೇ ಸಮಯ. ಗೆಳೆಯರೊಬ್ಬರ 26 ಅಡಿ ದೋಣಿಯಲ್ಲಿ ಈ ಕೆಲಸಕ್ಕೆ ಕೈಜೋಡಿಸಿದಾಗ ನನಗೆ ನೆನಪಾದದ್ದು ಊರಿನ ಬಾವಿಯ ಗಡಗಡಿ.

ಕಂಬದ ತುದಿಯಿಂದ ದೋಣಿಯ ಮೂತಿಗೆ ಬಿಗಿದ ತಂತಿಗೆ ಫೋರ್‌ಸ್ಟೇ ಅಂತಾರೆ. ಅದರ ಸುತ್ತ ಅಲ್ಯುಮಿನಿಯಂ ಕೊಳವೆ, ಅದರ ಗಾಡಿಯಲ್ಲಿ ಹಾಯಿಯ ಅಂಚು. ಕೆಳಗೆ ಹಗ್ಗ ಸುತ್ತುವ ಡ್ರಮ್, ಮೇಲೆ ತಿರುಗುವ ಸ್ವಿವೆಲ್. ಮೊದಲು ನೋಡಬೇಕಾದದ್ದು ತಂತಿಯ ಬಿಗಿ. ಅದು ಜೋತುಬಿದ್ದರೆ ಸುತ್ತುವುದು ಭಾರ.

ಎರಡನೆಯದು, ಯಾರೂ ತಲೆ ಎತ್ತಿ ನೋಡದ ಜಾಗ: ಕಂಬದ ತುದಿ. ಹಾಯಿ ಏರಿಸುವ ಹಗ್ಗ, ಅಂದರೆ ಹ್ಯಾಲ್ಯರ್ಡ್, ಸ್ವಿವೆಲ್‌ನಿಂದ ಕಂಬದ ಕಡೆಗೆ ಸ್ವಲ್ಪ ಓರೆಯಾಗಿ, ಸುಮಾರು 10 ಡಿಗ್ರಿ ಕೋನದಲ್ಲಿ ಹೋಗಬೇಕು. ತಂತಿಗೆ ಸಮಾನಾಂತರವಾಗಿದ್ದರೆ ಸ್ವಿವೆಲ್ ತಿರುಗುವಾಗ ಹಗ್ಗವೂ ತಂತಿಗೆ ಸುತ್ತಿಕೊಳ್ಳುತ್ತದೆ. ಹಾಯಿ ಗಿಡ್ಡವಾಗಿದ್ದು ಸ್ವಿವೆಲ್ ಕೆಳಗೇ ಉಳಿದರೂ ಇದೇ ತೊಂದರೆ. ಆಗ ಹಾಯಿಯ ತಲೆಗೂ ಸ್ವಿವೆಲ್‌ಗೂ ನಡುವೆ ತುಂಡು ತಂತಿ ಸೇರಿಸಿ ಸ್ವಿವೆಲ್ ಮೇಲೇರಿಸಬೇಕು. ಸಿಕ್ಕಿಕೊಂಡಾಗ ವಿಂಚ್ ಹಾಕಿ ಎಳೆಯಬೇಡಿ. ತಂತಿಯೇ ಹಾಳಾದರೆ ಕಂಬ ಉರುಳಬಹುದು.

ಮೂರನೆಯದು ಡ್ರಮ್. ಹಗ್ಗ ಅದಕ್ಕೆ ಅಡ್ಡವಾಗಿ, 90 ಡಿಗ್ರಿಯಲ್ಲಿ ಬರಬೇಕು. ಗಡಗಡಿಗೆ ಹಗ್ಗ ಓರೆಯಾಗಿ ಬಂದರೆ ಪಕ್ಕಕ್ಕೆ ಜಾರಿ ಸಿಕ್ಕಿಬೀಳುತ್ತದಲ್ಲ, ಹಾಗೇ ಇದೂ. ಹಾಯಿ ಪೂರ್ತಿ ಸುತ್ತಿದ ಮೇಲೂ ಡ್ರಮ್ ಮೇಲೆ ನಾಲ್ಕೈದು ಸುತ್ತು ಹಗ್ಗ ಉಳಿದಿರಲಿ. ಜೋರು ಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ಹೆಚ್ಚು ಸುತ್ತು ಬೇಕಾಗುತ್ತದೆ. ಆಗ ಹಗ್ಗ ಮುಗಿದುಹೋದರೆ ಹಾಯಿಯ ತುದಿ ಬಡಿದಾಡುತ್ತಲೇ ಇರುತ್ತದೆ. ಹಾಯಿಯ ಅಂಚಿಗೆ ಬಿಸಿಲು ತಡೆಯುವ ಪಟ್ಟಿ ಹೊಲಿದಿರುತ್ತಾರೆ. ಸುತ್ತಿದಾಗ ಅದು ಹೊರಗೆ ಬರುವ ದಿಕ್ಕಿನಲ್ಲೇ ಸುತ್ತಬೇಕು.

ಬಿಚ್ಚುವಾಗಲೂ ಜಾಣತನ ಬೇಕು. ವೀರಭದ್ರೇಶ್ವರನ ತೇರಿನಲ್ಲಿ ಹಗ್ಗ ಎಳೆಯುವವರಷ್ಟೇ ಮುಖ್ಯ ಗಾಲಿಗೆ ಸನ್ನೆ ಕೊಡುವವರು. ಇಲ್ಲೂ ಹಾಗೆ: ಒಂದು ಕೈ ಹಾಯಿ ಎಳೆಯುತ್ತಿದ್ದರೆ, ಇನ್ನೊಂದು ಫರ್ಲರ್ ಹಗ್ಗವನ್ನು ತಡೆದು ತಡೆದು ಬಿಡಬೇಕು. ಸಡಿಲ ಬಿಟ್ಟರೆ ಡ್ರಮ್‌ನಲ್ಲಿ ಗಂಟು ಗ್ಯಾರಂಟಿ. ಸುತ್ತುವಾಗ ಶೀಟ್, ಅಂದರೆ ಹಾಯಿಯ ಮೂಲೆಯ ಹಗ್ಗವನ್ನು ಸ್ವಲ್ಪ ಬಿಗಿ ಇಟ್ಟುಕೊಂಡರೆ ಸುರುಳಿ ಗಟ್ಟಿಯಾಗಿ ಕೂಡುತ್ತದೆ.

ಇದೇ ಮುಂಬೈನಿಂದ ನೌಕಾಪಡೆಯ ಅಭಿಲಾಷ್ ಟಾಮಿ 2012ರ ನವೆಂಬರ್ 1ರಂದು ಹೊರಟು, ಎಲ್ಲೂ ನಿಲ್ಲದೆ, ಒಬ್ಬರೇ ಭೂಮಿ ಸುತ್ತಿ 2013ರ ಮಾರ್ಚ್ 31ರಂದು ಮರಳಿದರು. ನಮ್ಮಂಥವರ ಪ್ರಯಾಣ ಮಾಂಡ್ವಾ ತನಕ ಇದ್ದೀತು. ಆದರೆ ಗಾಳಿಗೆ ದೂರ ಹತ್ತಿರ ಅಂತಿಲ್ಲ. ದೋಣಿ ಕಟ್ಟಿದಲ್ಲೇ ನಿಂತಿರುವಾಗ, ತೆಳು ಗಾಳಿಯಲ್ಲಿ, ಹತ್ತು ಸಲ ಸುತ್ತಿ ಹತ್ತು ಸಲ ಬಿಚ್ಚಿ. ಹತ್ತೂ ಸಲ ಒಂದೇ ಕೈಯಿಂದ ಸುಲಭವಾಗಿ ಬಂದರೆ ಮಾತ್ರ ಹೊರಡಿ.